ಹಾಜರಿ ಪುಸ್ತಕದಾಗಿನ ಕಸಬುಗಳು

ನಮ್ಮ ಕಡೆಯ ಯಾವುದೇ ಸಾಲಿಯ ಹಾಜರಿ ಪುಸ್ತಕ ತೆಗೆದು ನೋಡಿರಿ. ಬಡಿಗೇರ, ಕಮ್ಮಾರ, ಕುಂಬಾರ, ಪತ್ತಾರ, ಹೂಗಾರ, ಗಾಣಿಗೇರ, ಮಡಿವಾಳರ, ಹಡಪದ, ಸಮಗಾರ, ಮಾದರ, ಚಲವಾದಿ, ತಳವಾರ. ಮಾಸ್ತರು ಬೆಳಿಗ್ಗೆ ಹಾಜರಿ ಕೂಗಿದರೆ ಊರಿನ ಕಸಬುಗಳ ಪಟ್ಟಿಯನ್ನೇ ಕೂಗಿದಂತಾಗುತ್ತದೆ. ಹಳೆ ಮೈಸೂರು ಕಡೆಯ ಗೆಳೆಯರಿಗೆ ಇದು ವಿಚಿತ್ರ ಅನ್ನಿಸೀತು. ಅಲ್ಲಿ ಹೆಸರಿನ ಮುಂದೆ ಊರಿನದೋ ಅಪ್ಪನದೋ ಒಂದೆರಡು ಅಕ್ಷರ ಇರುತ್ತವೆ, ಜಾತಿಯನ್ನು ಬಾಯಿಬಿಟ್ಟು ಕೇಳಿಯೇ ತಿಳಿಯಬೇಕು. ಧಾರವಾಡ ಸೀಮೆಯಲ್ಲಿ ಆ ತೊಂದರೆ ಇಲ್ಲ. ಬಹಳಷ್ಟು ಅಡ್ಡಹೆಸರುಗಳಲ್ಲಿ ಜಾತಿ ಇದೆ, ಜಾತಿಯಲ್ಲಿ ಕಸಬು ಇದೆ. ಹುಡುಗ ಹುಟ್ಟುವಾಗಲೇ ಅವನ ಕೈಗೆ ಒಂದು ‘ಸರ್ಟಿಫಿಕೇಟು’ ಕೊಟ್ಟೇ ಈ ವ್ಯವಸ್ಥೆ ಅವನನ್ನು ಸಾಲಿಗೆ ಕಳಿಸುತ್ತದೆ.

ಇಂಥ ಸಾಲಿಗೆ ಈಗ ಸರ್ಕಾರ ಬಂದು, ‘ಮಕ್ಕಳಿಗೆ ಬರೀ ಪುಸ್ತಕ ಸಾಕು, ಇನ್ನು ಕಸಬು ಕಲಿಸೋಣ, ಅವರನ್ನು ಕೆಲಸದ ಜಾಗಕ್ಕೆ ಸಿದ್ಧ ಮಾಡೋಣ’ ಎನ್ನುತ್ತಿದೆ. ಕೌಶಲ ಅನ್ನುವುದು ಇಂದಿನ ಮಂತ್ರ. ಮಂತ್ರಿಯ ಭಾಷಣದಲ್ಲಿ, ಕಾರ್ಖಾನೆಯ ಮಾಲೀಕರ ಸಭೆಯಲ್ಲಿ, ಕಾಲೇಜಿನ ಗೋಡೆಯ ಮೇಲೆ ಅದೇ ಮಾತು. ಒಳ್ಳೆಯ ಮಾತನ್ನು ಒಳ್ಳೆಯದಲ್ಲ ಎಂದು ತಳ್ಳಿಹಾಕುವ ಹಟ ನಮಗೆ ಬೇಕಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಯನ್ನು ಕೇಳಲೇಬೇಕು: ಯಾವ ಕಸಬು? ಯಾರ ಮಕ್ಕಳಿಗೆ? ಕಲಿತ ಮೇಲೆ ಯಾರ ಕೈಕೆಳಗೆ?

ಧಾರವಾಡದ ಆ ಹುಡುಗ

ಈ ಪ್ರಶ್ನೆ ಕೇಳಲು ಧಾರವಾಡಕ್ಕಿಂತ ಸರಿಯಾದ ಊರು ಇನ್ನೊಂದಿಲ್ಲ. 1856ರ ಜೂನ್ ತಿಂಗಳಲ್ಲಿ ಒಬ್ಬ ಮಹಾರ ಹುಡುಗನ ಪರವಾಗಿ ಮುಂಬಯಿ ಸರ್ಕಾರಕ್ಕೆ ಒಂದು ಅರ್ಜಿ ಹೋಯಿತು. ಧಾರವಾಡದ ಸರ್ಕಾರಿ ಸಾಲಿಯಲ್ಲಿ ಅವನಿಗೆ ಪ್ರವೇಶ ಕೊಟ್ಟಿರಲಿಲ್ಲ. ಮರುತಿಂಗಳು ಸರ್ಕಾರದ ಠರಾವು ಹೊರಬಿತ್ತು. ಹುಡುಗನ ಕಡೆ ನ್ಯಾಯ ಇರಬಹುದು, ಆದರೆ ಒಬ್ಬನ ಸಲುವಾಗಿ ಹತ್ತಾರು ಜನ ಮಕ್ಕಳನ್ನು ಬಿಡಿಸಿಕೊಂಡು ಹೋದರೆ ಸಾಲಿಯೇ ನಿರುಪಯೋಗಿ ಆಗುತ್ತದೆ ಎಂಬುದು ಅದರ ತಾತ್ಪರ್ಯ. ಈ ವಿಷಯ ಮೇಲಿನ ಸರ್ಕಾರಕ್ಕೂ, ಕೊನೆಗೆ ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಿಗೂ ಹೋಯಿತು. ಸರ್ಕಾರದ ಸಾಲಿಗಳು ಎಲ್ಲ ಜಾತಿಗೂ ತೆರೆದಿರಬೇಕು ಎಂದು 1858ರಲ್ಲಿ ಅಲ್ಲಿಂದ ಹೇಳಿಕೆ ಬಂತು. ಹೇಳಿಕೆ ಕಾಗದದ ಮೇಲೆ ಉಳಿಯಿತು. ಎಪ್ಪತ್ತು ವರ್ಷಗಳ ನಂತರ, 1928ರಲ್ಲಿ, ಮುಂಬಯಿ ಪ್ರಾಂತದ ಅಸ್ಪೃಶ್ಯರ ಶಿಕ್ಷಣದ ಸ್ಥಿತಿಯನ್ನು ಸೈಮನ್ ಆಯೋಗದ ಮುಂದೆ ಇಡುವಾಗ ಬಾಬಾಸಾಹೇಬ ಅಂಬೇಡ್ಕರರು ಧಾರವಾಡದ ಈ ಪ್ರಕರಣವನ್ನು ಎತ್ತಿ ಹೇಳಿದರು.

ಆ ಹುಡುಗನ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಬಂದಿಲ್ಲ. ವಿದ್ಯಾಕಾಶಿ ಎಂದು ಹೊಗಳಿಸಿಕೊಳ್ಳುವ ಊರು ಅವನ ನೆನಪಿಗೆ ಒಂದು ಕಲ್ಲನ್ನೂ ನಿಲ್ಲಿಸಿದಂತಿಲ್ಲ. ಅವನನ್ನು ಇಲ್ಲಿ ನೆನೆಯಲು ಕಾರಣವಿದೆ. ಅಕ್ಷರ ಬೇಡ, ನಿನ್ನ ಕಸಬು ನಿನಗಿದೆ ಎಂದು ಅವನಿಗೆ ಆಗ ಹೇಳಲಾಯಿತು. ಅವನ ಮರಿಮಕ್ಕಳು ಮೆಟ್ರಿಕ್ ದಾಟಿ ಕಾಲೇಜಿನ ಮೆಟ್ಟಿಲಿಗೆ ಬಂದಾಗ ಮತ್ತೆ ಅದೇ ಮಾತು ಬೇರೆ ದನಿಯಲ್ಲಿ ಕೇಳಿಬರುತ್ತಿದೆ: ‘ಎಲ್ಲಾರೂ ಡಿಗ್ರಿ ಮಾಡಿ ಏನ ಮಾಡಾವ್ರು? ಕೈಕೆಲಸಾ ಕಲೀರಿ, ಹೊಟ್ಟಿ ತುಂಬತೈತಿ.’ ಈ ‘ಎಲ್ಲಾರೂ’ ಎಂಬ ಮಾತಿನಲ್ಲಿ ಹೇಳುವವರ ಮಕ್ಕಳು ಸೇರಿಲ್ಲ. ಅವರ ಮಕ್ಕಳಿಗೆ ಕೌಶಲವೆಂದರೆ ಎಂಜಿನಿಯರಿಂಗ್, ನಮ್ಮ ಮಕ್ಕಳಿಗೆ ಕೌಶಲವೆಂದರೆ ಮೂರು ತಿಂಗಳ ಹೊಲಿಗೆ.

ಅರ್ಧ ದಿನ ಸಾಲಿ, ಅರ್ಧ ದಿನ ಅಪ್ಪನ ಕಸಬು

ಇದು ಬರೀ ನಮ್ಮ ಗುಮಾನಿ ಎನ್ನುವವರು 1953ರ ಮದರಾಸು ರಾಜ್ಯವನ್ನು ನೆನಪಿಸಿಕೊಳ್ಳಲಿ. ಅಂದಿನ ಮುಖ್ಯಮಂತ್ರಿ ರಾಜಗೋಪಾಲಾಚಾರಿಯವರು ಹಳ್ಳಿಯ ಪ್ರಾಥಮಿಕ ಸಾಲಿಗಳ ಹೊತ್ತನ್ನು ಅರ್ಧಕ್ಕೆ ಇಳಿಸಿ, ಉಳಿದ ಹೊತ್ತಿನಲ್ಲಿ ಮಕ್ಕಳು ತಾಯ್ತಂದೆಯರ ಕಸಬನ್ನು ಕಲಿಯಲಿ ಎಂಬ ಯೋಜನೆ ತಂದರು. ಕಟ್ಟಡ ಕಡಿಮೆ, ಮಾಸ್ತರರು ಕಡಿಮೆ, ಎರಡು ಪಾಳಿಯಲ್ಲಿ ಹೆಚ್ಚು ಮಕ್ಕಳಿಗೆ ಕಲಿಸಬಹುದು ಎಂಬ ಲೆಕ್ಕಾಚಾರವೂ ಅದರೊಳಗಿತ್ತು. ಪೆರಿಯಾರರು ಮತ್ತು ದ್ರಾವಿಡ ಚಳವಳಿಯವರು ಇದನ್ನು ‘ಕುಲಕಲ್ವಿ’ — ಕುಲದ ಕಲಿಕೆ — ಎಂದು ಕರೆದು ಬೀದಿಗಿಳಿದರು. ರಾಜಾಜಿ ಅಧಿಕಾರ ಬಿಡಬೇಕಾಯಿತು. 1954ರಲ್ಲಿ ಕಾಮರಾಜರು ಬಂದು ಯೋಜನೆಯನ್ನು ಕೈಬಿಟ್ಟರು. ಕ್ಷೌರಿಕನ ಮಗ ಕ್ಷೌರವನ್ನೇ, ಅಗಸನ ಮಗ ಬಟ್ಟೆ ಒಗೆಯುವುದನ್ನೇ ಕಲಿಯುವುದಾದರೆ ಸಾಲಿ ಯಾಕೆ ಬೇಕು ಎಂಬ ಸರಳ ಪ್ರಶ್ನೆಗೆ ಅಂಥ ಮೇಧಾವಿಯ ಹತ್ತಿರವೂ ಉತ್ತರ ಇರಲಿಲ್ಲ.

ಹಾಗಾದರೆ ಇವತ್ತಿನ ಕಾಗದಗಳನ್ನು ಓದೋಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ಇಯತ್ತೆಯೊಳಗೆ ಹತ್ತು ದಿನ ಚೀಲವಿಲ್ಲದೆ ಮಕ್ಕಳನ್ನು ಊರಿನ ಬಡಿಗ, ತೋಟಗಾರ, ಕುಂಬಾರ, ಕಲಾವಿದರ ಹತ್ತಿರ ಕಳಿಸಿ ಎನ್ನುತ್ತದೆ. ಪೇಟೆಯ ಮಗು ಕುಂಬಾರನ ತಿಗರಿಯ ಮುಂದೆ ಕುಳಿತು ಕೈ ಕೆಸರು ಮಾಡಿಕೊಂಡರೆ ಒಳ್ಳೆಯದೇ, ಅದು ಮನೆಗೆ ಹೋಗಿ ಫೋಟೋ ತೋರಿಸುತ್ತದೆ. ಕುಂಬಾರನ ಮಗು ಎಲ್ಲಿಗೆ ಹೋಗಬೇಕು? ಅದನ್ನು ಹತ್ತು ದಿನ ಡಾಕ್ಟರರ ಹತ್ತಿರ, ವಕೀಲರ ಹತ್ತಿರ, ಕಾರ್ಖಾನೆಯ ಡ್ರಾಯಿಂಗ್ ಆಫೀಸಿಗೆ ಕಳಿಸಿದರೆ ನಾವೇ ಮೊದಲು ಚಪ್ಪಾಳೆ ಹೊಡೆಯುತ್ತೇವೆ. ವೃತ್ತಿ ಶಿಕ್ಷಣಕ್ಕೆ ‘ಸಾಮಾಜಿಕ ಅಂತಸ್ತಿನ’ ಅಡ್ಡಿ ಇದೆ, ಅದನ್ನು ಕಳೆಯಬೇಕು ಎಂದು ನೀತಿ ಒಪ್ಪಿಕೊಳ್ಳುತ್ತದೆ. ಆದರೆ ಆ ಅಂತಸ್ತಿನ ಬೇರು ಎಲ್ಲಿದೆ ಎಂದು ನೆಲ ಅಗೆದು ನೋಡುವುದಿಲ್ಲ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಇನ್ನೂ ನೇರ. ಬಡಿಗ, ಕಮ್ಮಾರ, ಅಕ್ಕಸಾಲಿಗ, ಕುಂಬಾರ, ಚಮ್ಮಾರ, ಕ್ಷೌರಿಕ, ಅಗಸ, ಬುಟ್ಟಿ-ಚಾಪೆ-ಕಸಬರಿಗೆ ಮಾಡುವವರು ಹೀಗೆ 18 ಕಸಬುಗಳ ಪಟ್ಟಿ. ತರಬೇತಿಯ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ. ಈಗಾಗಲೇ ಆ ಕಸಬಿನಲ್ಲಿ ಬೆವರು ಸುರಿಸುತ್ತಿರುವ ನಡುವಯಸ್ಸಿನ ಮನುಷ್ಯನಿಗೆ ಈ ದುಡ್ಡು ಸಿಕ್ಕರೆ ಬೇಡ ಎನ್ನಲು ನಾವು ಯಾರು? ಆದರೆ ಈ ಪಟ್ಟಿ ‘ಕುಟುಂಬದ ಪರಂಪರೆಯ ಕಸಬು’ ಎಂಬ ಷರತ್ತನ್ನು ಇಟ್ಟುಕೊಂಡಿದೆ, ಹದಿನೆಂಟು ತುಂಬಿದವರಿಗೆಲ್ಲ ತೆರೆದಿದೆ. ಹದಿನೆಂಟು ಎಂದರೆ ಹುಡುಗ ಪಿಯುಸಿ ಮುಗಿಸಿ ಮುಂದೇನು ಎಂದು ನಿಂತ ವಯಸ್ಸು. 2024ರ ನವೆಂಬರಿನಲ್ಲಿ ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಸ್ಟಾಲಿನ್ ಇದೇ ಷರತ್ತನ್ನು ಎತ್ತಿ ಹಿಡಿದು, ಈ ರೂಪದಲ್ಲಿ ಯೋಜನೆಯನ್ನು ನಮ್ಮಲ್ಲಿ ಜಾರಿ ಮಾಡುವುದಿಲ್ಲ ಎಂದು ಕೇಂದ್ರಕ್ಕೆ ಬರೆದರು. 1953ರ ನೆನಪು ಅವರಿಗಿತ್ತು. ಕರ್ನಾಟಕದಲ್ಲಿ ಈ ಚರ್ಚೆ ಅಷ್ಟು ಗಟ್ಟಿಯಾಗಿ ಕೇಳಿಸಲೇ ಇಲ್ಲ. ಕಾಯಕದ ಮಾತನ್ನು ದಿನಕ್ಕೆ ನೂರು ಸಲ ಆಡುವ ನಾಡು ನಮ್ಮದು. ಕಾಯಕಕ್ಕೆ ಮೇಲು ಕೀಳು ಇಲ್ಲ ಎಂದು ಸಾರಿದವರು ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಮಾಡಿ ಅದರ ಬೆಲೆ ತೆತ್ತರು. ಮದುವೆಯ ಭಾಗವನ್ನು ಮರೆತು ಬರೀ ‘ನಿನ್ನ ಕಾಯಕ ನೀ ಮಾಡು’ ಎಂಬ ಭಾಗವನ್ನು ಉಳಿಸಿಕೊಂಡವರು ಮಾತ್ರ ಯಾವ ಬೆಲೆಯನ್ನೂ ತೆತ್ತಿಲ್ಲ.

ಯಂತ್ರ ನಮಗೆ ಬೇಕು

ಇಷ್ಟು ಹೇಳಿದ ಕೂಡಲೇ ಕೆಲವು ಗೆಳೆಯರು ಇನ್ನೊಂದು ತುದಿಗೆ ಹೋಗುತ್ತಾರೆ. ವೃತ್ತಿ ಶಿಕ್ಷಣವೇ ಪುರೋಹಿತಶಾಹಿಯ ಹುನ್ನಾರ, ನಮಗೆ ಬೇಡ ಎನ್ನುತ್ತಾರೆ. ಈ ಮಾತನ್ನು ನಾವು ಒಪ್ಪಬಾರದು. ಜೋತಿಬಾ ಫುಲೆ 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಮನವಿಯಲ್ಲಿ ರೈತರ ಮಕ್ಕಳಿಗೆ ಓದು ಬರಹದ ಜೊತೆ ಲೆಕ್ಕಪತ್ರ, ಕೃಷಿಯ ಪ್ರಾಥಮಿಕ ತಿಳಿವಳಿಕೆ ಹೀಗೆ ಬದುಕಿಗೆ ಹತ್ತುವ ವಿದ್ಯೆಯನ್ನೂ ಕೇಳಿದ್ದರು. ಅಂಬೇಡ್ಕರರು 1942ರಲ್ಲಿ ವೈಸರಾಯರಿಗೆ ಕೊಟ್ಟ ಮನವಿಯಲ್ಲಿ ಪರಿಶಿಷ್ಟರಿಗೆ ವಿಜ್ಞಾನ ಮತ್ತು ತಂತ್ರಜ್ಞಾನ ಓದಲು ವಿದ್ಯಾರ್ಥಿವೇತನ ಕೇಳಿದರು. ಸರ್ಕಾರದ ಮುದ್ರಣಾಲಯಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ನಮ್ಮ ಹುಡುಗರನ್ನು ಅಪ್ರೆಂಟಿಸರಾಗಿ ತೆಗೆದುಕೊಳ್ಳಿರಿ ಎಂದರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು ಹತ್ತೊಂಬತ್ತನೇ ಶತಮಾನದಲ್ಲೇ ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ ಶುರುವಾದದ್ದು. ಅದರ ಭೋಂಗಾ ಕೇಳಿಯೇ ಅರ್ಧ ಹುಬ್ಬಳ್ಳಿ ಹೊತ್ತು ಅಳೆಯುತ್ತಿತ್ತು. ಅಂಥ ಬಾಗಿಲುಗಳನ್ನು ಬಾಬಾಸಾಹೇಬರು ಬಡಿಯುತ್ತಿದ್ದರು.

ಅವರು ಯಾಕೆ ಬಡಿದರು? ಅಪ್ಪನ ಕಸಬು ಮಗನನ್ನು ಕೇರಿಯಲ್ಲೇ ಕಟ್ಟಿಹಾಕುತ್ತದೆ. ಲೇಥು, ಬಾಯ್ಲರು, ಅಚ್ಚಿನ ಯಂತ್ರಗಳು ಅವನನ್ನು ಕೇರಿಯಿಂದ ಹೊರಗೆ ತರುತ್ತವೆ, ಅವಕ್ಕೆ ಅಡ್ಡಹೆಸರು ಓದಲು ಬರುವುದಿಲ್ಲ. ಆದರೆ ಯಂತ್ರದ ಹತ್ತಿರ ಹೋಗುವ ದಾರಿಯಲ್ಲಿ ಓದಬಲ್ಲವರು ನಿಂತಿರುತ್ತಾರೆ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ನೇಯ್ಗೆ ಖಾತೆಗೆ ಹೆಚ್ಚು ಪಗಾರ. ಅಲ್ಲಿ ಲಾಳಿಯ ನೂಲು ತುಂಡಾದರೆ ಬಾಯಿಂದ ಹೀರಿ ಪೋಣಿಸಬೇಕಿತ್ತು. ಅಸ್ಪೃಶ್ಯನ ಎಂಜಲು ತಾಗುತ್ತದೆ ಎಂದು ಅವರನ್ನು ಆ ಖಾತೆಗೆ ಸೇರಿಸುತ್ತಿರಲಿಲ್ಲ. ಕೆಂಬಾವುಟದ ಕೆಳಗೆ ಒಂದಾಗಿದ್ದ ಸವರ್ಣ ಕಾರ್ಮಿಕರೇ ಇದನ್ನು ಒಪ್ಪಿ ನಡೆಸಿದ್ದರು. 1928–29ರ ಮುಷ್ಕರಗಳ ಹೊತ್ತಿನಲ್ಲಿ ಅಂಬೇಡ್ಕರರು ಕಾರ್ಮಿಕ ನಾಯಕರಿಗೆ ಇದೇ ಪ್ರಶ್ನೆ ಹಾಕಿದರು. ನೇಯಲು ಬರುವುದಿಲ್ಲ ಎಂದಲ್ಲ, ನೇಯಲು ಬಿಡುವುದಿಲ್ಲ. ಇವತ್ತು ಕೌಶಲದ ಕೊರತೆ ಎಂದು ವರದಿಗಳಲ್ಲಿ ಬರೆಯುತ್ತಾರಲ್ಲ, ಅದರಲ್ಲಿ ಬರುವುದಿಲ್ಲ ಎಷ್ಟು, ಬಿಡುವುದಿಲ್ಲ ಎಷ್ಟು ಎಂದು ಯಾರೂ ಬೇರೆ ಮಾಡಿ ತೋರಿಸುವುದಿಲ್ಲ.

ಚರ್ಮದ ಕೆಲಸವನ್ನೇ ನೋಡಿರಿ. ಹಸಿ ತೊಗಲನ್ನು ಹದ ಮಾಡಲು ಸುಣ್ಣ ಎಷ್ಟು, ತಂಗಡಿ ತೊಗಟೆ ಎಷ್ಟು, ಎಷ್ಟು ದಿನ ನೆನೆಯಬೇಕು ಎಂಬುದು ರಸಾಯನಶಾಸ್ತ್ರ. ನಮ್ಮ ಹಿರಿಯರು ಅದನ್ನು ಮೂಗಿನಿಂದ, ಬೆರಳಿನಿಂದ ತಿಳಿದಿದ್ದರು. ಅದಕ್ಕೆ ಊರು ಕೊಟ್ಟದ್ದು ಮೈಲಿಗೆ. ಅದೇ ವಿದ್ಯೆ ಕಾಲೇಜಿನ ಕಟ್ಟಡದೊಳಗೆ ಹೋಗಿ ಲೆದರ್ ಟೆಕ್ನಾಲಜಿ ಎಂದು ಹೆಸರು ಬದಲಿಸಿಕೊಂಡ ಕೂಡಲೇ ಮಡಿಯಾಯಿತು. ಕೆಲಸ ಹೊಲಸಾಗಿತ್ತೋ, ಮಾಡುವವನು ಹೊಲಸೆಂದು ತಿಳಿದಿದ್ದರೋ?

ರಾಯಾಪುರದ ರಸ್ತೆಯಲ್ಲಿ

ಈಗ ನಮ್ಮ ಕಣ್ಣೆದುರಿನ ಜಾಗಕ್ಕೆ ಬರೋಣ. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ ಪೂನಾ–ಬೆಂಗಳೂರು ರಸ್ತೆಯ ಮೇಲೆ ರಾಯಾಪುರ ಇದೆ. ಒಂದು ಕಾಲಕ್ಕೆ ಹೊಲ, ಹಳ್ಳಿ. ಈಗ ಇಸ್ಕಾನ್ ಗುಡಿ, ಷೆಡ್ಡುಗಳು, ಗೋದಾಮುಗಳು, ಮುಂದೆ ಚಿಗರಿ ಬಸ್ಸಿನ ನಿಲ್ದಾಣ. ಎನ್‌ಜಿಇಎಫ್ (ಹುಬ್ಬಳ್ಳಿ) ಎಂಬ ಸರ್ಕಾರಿ ಕಾರ್ಖಾನೆ 1980ರ ದಶಕದಲ್ಲಿ ಈ ಊರಿಗೆ ವಿದ್ಯುತ್ ಮೋಟಾರಿನ ಕೆಲಸ ತಂದಿತು. ಸುತ್ತ ಲಕಮನಹಳ್ಳಿ, ಗಾಮನಗಟ್ಟಿ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳು. ಆ ದಿನಗಳಲ್ಲಿ ಐಟಿಐ ಮುಗಿಸಿದ ಕೇರಿಯ ಹುಡುಗನಿಗೆ ಸರ್ಕಾರಿ ಕಾರ್ಖಾನೆ ಎಂದರೆ ಮೀಸಲಾತಿ, ಪಗಾರ ಚೀಟಿ, ಪ್ರಾವಿಡೆಂಟ್ ಫಂಡು, ಯೂನಿಯನ್ನು. ಬೆಂಗಳೂರಿನ ದೊಡ್ಡ ಎನ್‌ಜಿಇಎಫ್ ಈ ಶತಮಾನದ ಮೊದಲ ವರ್ಷಗಳಲ್ಲಿ ಮುಚ್ಚಿತು. ಸರ್ಕಾರಿ ಕಾರ್ಖಾನೆಗಳು ಸೊರಗಿದಂತೆ ಮೀಸಲಾತಿಯ ಬಾಗಿಲೂ ಸೊರಗಿತು. ಖಾಸಗಿ ಬಾಗಿಲಿಗೆ ಮೀಸಲಾತಿ ಇಲ್ಲ. ಕೌಶಲದ ಮಂತ್ರ ಜೋರಾಗಿದ್ದು ಆ ಹೊತ್ತಿನ ನಂತರವೇ ಎಂಬುದನ್ನು ಮರೆಯುವಂತಿಲ್ಲ.

ಬೆಳಿಗ್ಗೆ ಈ ರಸ್ತೆಯ ಬಸ್ಸುಗಳಲ್ಲಿ ನಿಂತು ಹೋಗುವ ಹುಡುಗರನ್ನು ಮಾತಾಡಿಸಿರಿ. ‘ಏನ್ ಮಾಡ್ತಿಯಪಾ?’ ‘ಅಪ್ರೆಂಟಿಸ್ ಅದೇನ್ರೀ ಸರ.’ ‘ಮುಂದ?’ ‘ವರ್ಷ ಮುಗದ್ ಮ್ಯಾಲೆ ಬ್ಯಾರೆ ಕಂಪನಿ ನೋಡೂದ್ರಿ.’ ಈ ಉತ್ತರದ ಹಿಂದೆ ಒಂದು ಕಾಯ್ದೆ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಮಿನ ಪ್ರಕಾರ ಅಪ್ರೆಂಟಿಸು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ, ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. 22ನೇ ಕಲಮು ತರಬೇತಿ ಮುಗಿದವನಿಗೆ ಕೆಲಸ ಕೊಡುವ ಬಾಧ್ಯತೆ ಮಾಲೀಕನಿಗಿಲ್ಲ ಎನ್ನುತ್ತಿತ್ತು. 2014ರ ತಿದ್ದುಪಡಿ ಬಂದ ಮೇಲೆ, ತೆಗೆದುಕೊಳ್ಳುವ ನಿಯಮವನ್ನು ಮಾಲೀಕನೇ ಮಾಡಿಕೊಳ್ಳಲಿ ಎಂದಾಯಿತು. ಐಟಿಐ ಪಾಸಾದ ಅಪ್ರೆಂಟಿಸಿಗೆ 2019ರ ನಿಯಮ ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡು ತಿಂಗಳಿಗೆ 7,000 ರೂಪಾಯಿ. ಯಂತ್ರದ ಮುಂದೆ ಪರ್ಮನೆಂಟ್ ಕೆಲಸಗಾರ ಮಾಡುವುದನ್ನೇ ಇವನೂ ಮಾಡುತ್ತಾನೆ. ವರ್ಷ ಮುಗಿದರೆ ಇವನು ಹೋಗುತ್ತಾನೆ, ಇವನ ಜಾಗಕ್ಕೆ ಇನ್ನೊಬ್ಬ 7,000ದವನು ಬರುತ್ತಾನೆ. ಇದು ತರಬೇತಿಯೋ, ಅಗ್ಗದ ಕೂಲಿಯ ನಿರಂತರ ಸರಬರಾಜೋ?

ಸರ್ಕಾರಿ ರೈಲ್ವೆಯ ಕಥೆಯೂ ಪೂರಾ ಬೇರೆಯಲ್ಲ. ತನ್ನಲ್ಲೇ ತರಬೇತಿ ಪಡೆದ ಅಪ್ರೆಂಟಿಸರಿಗೆ ರೈಲ್ವೆ ಕೆಳಹಂತದ ಹುದ್ದೆಗಳಲ್ಲಿ ಶೇಕಡಾ 20 ಮಾತ್ರ ಕಾದಿಟ್ಟಿತು. 2018ರ ಮಾರ್ಚಿನಲ್ಲಿ ಮುಂಬಯಿಯ ದಾದರ–ಮಾಟುಂಗಾ ನಡುವೆ ಅಪ್ರೆಂಟಿಸರು ಹಳಿಯ ಮೇಲೆ ಕುಳಿತದ್ದು ಇದಕ್ಕಾಗಿ. ಕೆಲಸ ಕಲಿಸಿದಿರಿ, ಕೆಲಸ ಎಲ್ಲಿ ಎಂಬುದು ಅವರ ಕೂಗು. ಲಾಠಿ ಬಿತ್ತು.

ಇನ್ನು ಹೆಸರಿನ ಮಾತು. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಖಾಸಗಿ ಕಂಪನಿಗಳ ಪತ್ರಿಕಾ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ ನೋಡಿದರು. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಾಧ್ಯತೆಯನ್ನು ಒಂದು ಎಂದಿಟ್ಟುಕೊಂಡರೆ ದಲಿತ ಹೆಸರಿಗೆ ಅದು 0.67, ಮುಸ್ಲಿಂ ಹೆಸರಿಗೆ 0.33. ಅರ್ಜಿಯಲ್ಲಿ ಕೌಶಲ ಒಂದೇ, ಹೆಸರು ಮಾತ್ರ ಬೇರೆ. ಹಾಜರಿ ಪುಸ್ತಕದಾಗಿನ ಅಡ್ಡಹೆಸರು ಫ್ಯಾಕ್ಟರಿಯ ಗೇಟಿನ ತನಕ ಹುಡುಗನ ಹಿಂದೆಯೇ ನಡೆದು ಬರುತ್ತದೆ. ವಿದ್ಯಾರ್ಥಿಗಳನ್ನು ಕೆಲಸದ ಜಾಗಕ್ಕೆ ಸಿದ್ಧ ಮಾಡಬೇಕು ಎನ್ನುತ್ತೀರಿ. ಕೆಲಸದ ಜಾಗವನ್ನು ನಮ್ಮ ವಿದ್ಯಾರ್ಥಿಗಳಿಗೆ ಸಿದ್ಧ ಮಾಡುವವರು ಯಾರು?

ಹಳೆಯ ಪಾಠ, ಹೊಸ ಫಲಕ

ಇದು ಮೊದಲ ಪ್ರಯೋಗವೂ ಅಲ್ಲ. ನಮ್ಮ ರಾಜ್ಯದ ಪದವಿಪೂರ್ವ ಹಂತದಲ್ಲಿ 1977–78ರಿಂದಲೇ ಜೆಒಸಿ ಎಂಬ ಉದ್ಯೋಗಾಧಾರಿತ ಕೋರ್ಸುಗಳು ಬಂದವು. ರೇಷ್ಮೆ ಕೃಷಿ, ವಿದ್ಯುತ್ ಉಪಕರಣಗಳ ದುರಸ್ತಿ, ಹೊಲಿಗೆ ಇತ್ಯಾದಿ. 1986ರ ರಾಷ್ಟ್ರೀಯ ನೀತಿ 1990ರೊಳಗೆ ಶೇಕಡಾ 10, 1995ರೊಳಗೆ ಶೇಕಡಾ 25 ವಿದ್ಯಾರ್ಥಿಗಳು ಇಂಥ ಕೋರ್ಸಿಗೆ ಬರಲಿ ಎಂದು ಗುರಿ ಇಟ್ಟಿತು. ಗುರಿಯ ಹತ್ತಿರವೂ ದೇಶ ಹೋಗಲಿಲ್ಲ. ಜೆಒಸಿ ಮುಗಿಸಿದವನಿಗೆ ಪದವಿಯ ದಾರಿ ಸಲೀಸಾಗಿರಲಿಲ್ಲ, ಕಾರ್ಖಾನೆಯವನು ಐಟಿಐ ಕೇಳಿದ. ಕಲಿಸುವವರು ವರ್ಷಗಟ್ಟಲೆ ಅರೆಕಾಲಿಕರಾಗಿಯೇ ಸವೆದರು. ಕೊನೆಗೆ ಕೋರ್ಸೇ ನಿಂತು, ಅವರನ್ನು ಬೇರೆಡೆ ಸೇರಿಸಿಕೊಳ್ಳಲು 2011ರಲ್ಲಿ ವಿಶೇಷ ಕಾಯ್ದೆ ಮಾಡಬೇಕಾಯಿತು. ಉದ್ಯೋಗ ಕೊಡಿಸುವ ಪಾಠ ಹೇಳುವವನಿಗೇ ಉದ್ಯೋಗದ ಭದ್ರತೆ ಇರಲಿಲ್ಲ! ಈಗಿನ ನೀತಿ 2025ರೊಳಗೆ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯ ಎಂದು ಬರೆದುಕೊಂಡಿತು. ಜೆಒಸಿ ಯಾಕೆ ಸೋತಿತು ಎಂದು ಕೇಳದೆ ಹೊಸ ಗುರಿ ಬರೆಯುವುದು ಹಳೆಯ ಗೋಡೆಗೆ ಹೊಸ ಫಲಕ ತೂಗಿಹಾಕಿದಂತೆ.

ಮಾತು ಮಾತಿಗೆ ಜರ್ಮನಿಯ ಉದಾಹರಣೆ ಕೊಡುತ್ತಾರೆ. ಅಲ್ಲಿ ಶೇಕಡಾ 75 ಜನ ವೃತ್ತಿ ತರಬೇತಿ ಪಡೆದವರು ಎಂದು ನಮ್ಮ ನೀತಿಯೂ ಬರೆದುಕೊಂಡಿದೆ. ಅಲ್ಲಿ ಅಪ್ರೆಂಟಿಸಿನ ಭತ್ಯೆಯ ಚೌಕಾಶಿಯಲ್ಲಿ ಕಾರ್ಮಿಕ ಸಂಘ ಕೂತಿರುತ್ತದೆ, ಪಠ್ಯ ಮತ್ತು ಪರೀಕ್ಷೆಯಲ್ಲಿ ಸಂಘಕ್ಕೂ ಮಾತಿದೆ. ನಮ್ಮವರು ಅಂಕಿಯನ್ನು ತಂದರು, ಸಂಘವನ್ನು ಅಲ್ಲೇ ಬಿಟ್ಟು ಬಂದರು. ಅಲ್ಲಿಯೂ ಹತ್ತು ವರ್ಷದ ಮಗುವನ್ನೇ ಬೇರೆ ಬೇರೆ ಸಾಲಿಗೆ ವಿಂಗಡಿಸುವ ಕ್ರಮದಿಂದ ಬಡವರ, ವಲಸಿಗರ ಮಕ್ಕಳು ಹಿಂದೆ ಬೀಳುತ್ತಾರೆ ಎಂಬ ಟೀಕೆ ಇದೆ. ಅದನ್ನೂ ಹೇಳುವುದಿಲ್ಲ.

2022ರ ಜೂನಿನಲ್ಲಿ ನಮ್ಮ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಿದ ಯೋಜನೆಗೆ ಚಾಲನೆ ಸಿಕ್ಕಿತು. ಹಳ್ಳಿಯ ಹುಡುಗ ಹಳೆ ಲೇಥಿನ ಬದಲು ಕಂಪ್ಯೂಟರಿನಿಂದ ನಡೆಯುವ ಯಂತ್ರ ಮುಟ್ಟುವುದು ನಿಜವಾಗಿಯೂ ಬೇಕಾದ ಕೆಲಸ. ಇದನ್ನು ನಾವು ಸ್ವಾಗತಿಸಬೇಕು, ಕಾಯಬೇಕು ಕೂಡ. ಯಂತ್ರ ಬಂದಲ್ಲಿ ಕಲಿಸುವ ಪೂರ್ಣಾವಧಿಯ ಶಿಕ್ಷಕ ಇದ್ದಾನೆಯೇ, ಕರೆಂಟು ಇದೆಯೇ, ಹುಡುಗಿಯರಿಗೆ ಟರ್ನರ್, ಎಲೆಕ್ಟ್ರಿಷಿಯನ್ ಸೀಟು ಕೊಡುತ್ತಾರೆಯೇ ಅಥವಾ ಹೊಲಿಗೆ, ಬ್ಯೂಟಿ ಪಾರ್ಲರಿನ ಕಡೆ ಕೈ ತೋರಿಸುತ್ತಾರೆಯೇ ಎಂದು ಊರೂರಿನಲ್ಲಿ ನೋಡುವವರು ಬೇಕು.

ನಾವೇನು ಮಾಡಬೇಕು

ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿದೆ. ಹೆಸರಿನ ಮೇಲೆ ಕೆಲಸ ತಪ್ಪುವುದನ್ನು ಲೆಕ್ಕ ಹಾಕಿ ತೋರಿಸಿದವರೇ ಶಿಕ್ಷಣದ ಬಗ್ಗೆ ಹೇಳಿದ್ದಾರೆ ಎಂದ ಮೇಲೆ ಈ ಮಾತುಗಳನ್ನು ಅದರ ಜೊತೆ ಸೇರಿಸಿ ಚರ್ಚಿಸುವುದು ಮಾಸ್ತರರ, ವಿದ್ಯಾರ್ಥಿಗಳ, ಸಂಘಟನೆಗಳ ಹೊಣೆ.

ಒಂದು: ಕಸಬಿನ ಪಾಠ ಎಲ್ಲ ಜಾತಿಯ, ಎಲ್ಲ ವರ್ಗದ ಮಕ್ಕಳಿಗೂ ಇರಲಿ. ದೇಸಾಯಿಯ ಮಗ ತೊಗಲು ಮುಟ್ಟಲಿ, ಕುಲಕರ್ಣಿಯ ಮಗಳು ಸಾಲಿಯ ಪಾಯಖಾನೆ ತೊಳೆಯಲಿ, ಮಾದರ ಹುಡುಗಿ ಡ್ರಾಯಿಂಗ್ ಬೋರ್ಡಿನ ಮುಂದೆ ನಿಲ್ಲಲಿ. ಸಾಲಿಯ ಕಸ ಯಾರ ಮಕ್ಕಳ ಕೈಯಲ್ಲಿ ಹೊಡೆಸುತ್ತೇವೆ ಎಂಬಲ್ಲಿಂದಲೇ ಮಾಸ್ತರರು ಇದನ್ನು ಶುರು ಮಾಡಬಹುದು.

ಎರಡು: ವೃತ್ತಿ ಕೋರ್ಸು ಓದಿದವನಿಗೆ ಡಿಪ್ಲೊಮಾ, ಪದವಿ, ಎಂಜಿನಿಯರಿಂಗಿನ ಬಾಗಿಲು ಮುಚ್ಚಬಾರದು. ಫಿಟ್ಟರಿಗೆ ಗಣಿತ, ಇಂಗ್ಲಿಷ್, ಭೌತಶಾಸ್ತ್ರ ಕಲಿಸದೆ ಕಳಿಸಿದರೆ ಅವನನ್ನು ಹೆಲ್ಪರ್ ಆಗಿಯೇ ಉಳಿಯಲು ಕಳಿಸಿದಂತೆ.

ಮೂರು: ಪ್ರತಿ ಐಟಿಐಯಲ್ಲಿ ಅಪ್ರೆಂಟಿಸ್ ಕಾಯ್ದೆಯನ್ನು ಕನ್ನಡದಲ್ಲಿ ಪಾಠ ಮಾಡಬೇಕು. ಆರೋಗ್ಯ, ಸುರಕ್ಷತೆ, ಗಾಯವಾದರೆ ಪರಿಹಾರ ಇವು ಅಪ್ರೆಂಟಿಸಿಗೂ ಉಂಟೆಂದು ಅದೇ ಕಾಯ್ದೆ ಹೇಳುತ್ತದೆ. ನಿಗದಿತ ಟ್ರೇಡುಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ತರಬೇತಿ ಸ್ಥಾನ ಕಾದಿರಿಸಬೇಕೆಂದು 1973ರಲ್ಲಿ ಸೇರಿಸಿದ 3ಎ ಕಲಮು ಹೇಳುತ್ತದೆ. ಖಾಸಗಿ ಕಾರ್ಖಾನೆಯ ನೌಕರಿಯಲ್ಲಿ ಇಲ್ಲದ ಮೀಸಲಾತಿ ಅದರ ಅಪ್ರೆಂಟಿಸ್ ಸ್ಥಾನದಲ್ಲಿ ಇದೆ! ರಾಯಾಪುರದಿಂದ ಬೇಲೂರಿನ ತನಕ ಎಷ್ಟು ಕಾರ್ಖಾನೆಗಳು ಇದನ್ನು ಪಾಲಿಸುತ್ತಿವೆ ಎಂದು ಮಾಹಿತಿ ಹಕ್ಕಿನಲ್ಲಿ ಸರ್ಕಾರದ ಇಲಾಖೆಗೆ ಒಂದು ಅರ್ಜಿ ಹಾಕಲು ಹತ್ತು ರೂಪಾಯಿ ಸಾಕು. ವಿದ್ಯಾರ್ಥಿ ಸಂಘಟನೆಯ ಗೆಳೆಯರು ಈ ಕೆಲಸವನ್ನು ಈ ತಿಂಗಳೇ ಹಿಡಿಯಲಿ.

ನಾಲ್ಕು: ತರಬೇತಿ ಕೊಟ್ಟ ಕಾರ್ಖಾನೆ ತನ್ನ ಖಾಲಿ ಜಾಗಗಳಿಗೆ ಮೊದಲು ಆ ಅಪ್ರೆಂಟಿಸರನ್ನೇ ತೆಗೆದುಕೊಳ್ಳಬೇಕು. ಇದಕ್ಕೆ ಕಾಯ್ದೆಯ ತಿದ್ದುಪಡಿ ಬೇಕು, ಖಾಸಗಿ ರಂಗದಲ್ಲಿ ಮೀಸಲಾತಿ ಬೇಕು. ಇವೆರಡೂ ಬೇಡಿದರೆ ಸಿಗುವಂಥವಲ್ಲ. ಪರ್ಮನೆಂಟ್ ಕೆಲಸಗಾರರ ಯೂನಿಯನ್ನುಗಳು ಅಪ್ರೆಂಟಿಸನ್ನು, ಗುತ್ತಿಗೆಯವನನ್ನು ತಮ್ಮವನೆಂದು ತಿಳಿಯುವವರೆಗೆ ಹೋರಾಟಕ್ಕೆ ಬಲ ಬರುವುದಿಲ್ಲ. ಗಿರಣಿಯ ಲಾಳಿಯ ಕಾಲದಲ್ಲಿ ಮಾಡಿದ ತಪ್ಪನ್ನು ಅವರು ಮತ್ತೆ ಮಾಡಬಾರದು.

1856ರಲ್ಲಿ ಒಬ್ಬ ಹುಡುಗ ಒಂಟಿಯಾಗಿ ಅರ್ಜಿ ಹಾಕಿದ್ದ. ಒಬ್ಬನೇ ಎಂಬ ಕಾರಣ ಕೊಟ್ಟೇ ಅವನನ್ನು ಹೊರಗಿಟ್ಟರು. ಈಗ ಈ ರಸ್ತೆಯ ಮೇಲೆ ದಿನಾ ಬೆಳಿಗ್ಗೆ ಬಸ್ಸು ಹತ್ತುವವರು ಸಾವಿರಾರು ಜನ. ಅರ್ಜಿಯನ್ನು ಎಲ್ಲರೂ ಕೂಡಿ ಬರೆಯಬೇಕು.